ಅಕ್ಕ ಜಗಲಿಯ ಮೇಲಿಟ್ಟ ಸಿಡಿ

ಶ್ರಾವಣದ ಎರಡನೆಯ ಸೋಮವಾರ, ಬೆಳಗ್ಗೆ ಏಳು ಗಂಟೆ. ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಮುದ್ದೇಬಿಹಾಳದಿಂದ ಮೊದಲ ಬಸ್ಸಿಗೆ ಬಂದಿಳಿದ ನನ್ನ ಅಕ್ಕ.

ನಾನು ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಕೊನೆಯ ವರ್ಷಗಳಲ್ಲಿ ನಕ್ಷೆಗಳನ್ನು ಸಿಡಿಗೆ ಬರೆದು ಜೋಪಾನ ಮಾಡುವ ಕೆಲಸ ನನ್ನದಾಗಿತ್ತು. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ನಾನು ಮಾತ್ರ ಹೊರಗಿನಿಂದ ಜೋಡಿಸುವ ಡ್ರೈವೊಂದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಬಳಗದಲ್ಲಿ ಯಾರ ಸಿಡಿ ಮುನಿಸಿಕೊಂಡರೂ ನಮ್ಮ ಮನೆಗೇ ಬರುತ್ತದೆ.

ಅಕ್ಕ ಚೀಲದಿಂದ ರೇಷ್ಮೆ ಕುಪ್ಪಸದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಒಂದು ಸಿಡಿ.

“ತಮ್ಮಾ, ಇವತ್ತ ಸಂಜಿಗೆ ನಿಮ್ಮ ಮಾಮಾನ ಪುಣ್ಯತಿಥಿ. ಭಜನಿ ಮಂದಿ ಬರ್ತಾರ. ಮೊದಲನೇ ಪದ ಅವರ ದನೀಲೇ ಆಗಬೇಕಂತ ಎಲ್ಲಾರಿಗೂ ಹೇಳಿ ಬಿಟ್ಟೇನಿ. ನಮ್ಮೂರಾಗ ಕಂಪ್ಯೂಟರ್ ಅಂಗಡಿಯವ ನೋಡಿ, ಇದು ಖಾಲಿ ಐತಿ ಅಂದ.”

ಅಕ್ಕ ಮಾಮಾ ಅಂದದ್ದು ತನ್ನ ಗಂಡನನ್ನು, ನನ್ನ ಭಾವನನ್ನು. ಭಾವ ದೊಡ್ಡ ದನಿಯ ಭಜನೆಗಾರರಾಗಿದ್ದರು. ಸಿಂದಗಿಯ ಸ್ಟುಡಿಯೋದವನೊಬ್ಬ ಮನೆಗೇ ಬಂದು ಅವರ ಭಜನೆಯ ಪದಗಳನ್ನು ಸಿಡಿಗೆ ಹಿಡಿದಿಟ್ಟಿದ್ದ. ಆ ಅಂಗಡಿ ಎಂದೋ ಮುಚ್ಚಿತು. ಭಾವನ ದನಿ ಉಳಿದಿದ್ದರೆ ಈ ಒಂದು ಸಿಡಿಯಲ್ಲಿ ಮಾತ್ರ.

ತಿರುಗಿಸಿ ನೋಡಿದೆ. ಹೊಳೆಯುವ ಬದಿಗೆ ಮೂರು ಬೆರಳಿನ ವಿಭೂತಿ, ಪದರದ ಮೇಲೆ ಪದರ.

“ಇದೇನಕ್ಕಾ?”

“ದೇವರ ಜಗಲಿ ಮ್ಯಾಲ ಅವರ ಫೋಟೋದ ಬಾಜೂಕ ಇಟ್ಟೇನಿ. ಸೋಮವಾರಕ್ಕೊಮ್ಮೆ ಇಬತ್ತಿ ಹಚ್ತೇನಿ.”

“ಹೊಳಿಯೋ ಕಡೆ ಯಾಕ ಹಚ್ಚಿದಿ?”

“ಮತ್ತ ಮಾರಿಗೆ ಹಚ್ಚಬೇಕೋ, ಬೆನ್ನಿಗೆ ಹಚ್ಚಬೇಕೋ?”

ಒಳಗಿನಿಂದ ಹೆಂಡತಿ, “ಹೇಳ್ರೀ ಈಗ ಉತ್ತರಾ” ಎಂದಳು.

ಸಿಡಿಯನ್ನು ಓದುವ ಬೆಳಕು ಆ ಹೊಳೆಯುವ ಬದಿಯಿಂದಲೇ ಒಳಹೊಕ್ಕಬೇಕು. ಕೈ ತೊಳೆದು ಒರೆಸಿಕೊಂಡೆ. ಸಿಡಿಯ ಮೇಲೆ ನೀರು ಬಿಟ್ಟು, ವಿಭೂತಿ ನೆನೆದು ತಾನಾಗಿ ಜಾರುವವರೆಗೆ ಕಾದೆ. ಆಮೇಲೆ ಹಳೆಯ ಮೆತ್ತನೆಯ ಮಲ್ಲು ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಥಾಲಿ ಒರೆಸಿದ ಹಾಗೆ ಸುತ್ತ ತಿರುವಿದರೆ ಗೀರು ಬರಹದ ಸಾಲಿನುದ್ದಕ್ಕೂ ಬಿದ್ದು ಓದಲು ಬಾರದಂತಾಗುತ್ತದೆ.

ಡ್ರೈವಿಗೆ ಹಾಕಿದೆ. ಗುಂಯ್ ಎಂದು ತಿರುಗಿತು. ಡಿಸ್ಕಿನಲ್ಲಿರುವುದನ್ನು ಕಂಪ್ಯೂಟರಿನ ಒಂದು ಫೋಲ್ಡರಿಗೆ ತಂದು ಜೋಡಿಸುವುದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಜೋಡಿಸಿದೆ. ಪರದೆಯ ಮೇಲೆ ಬಂದದ್ದು ಬರೀ ಫೋಟೋಗಳು, ಒಂದು ಕೂಸು, ಒಂದು ತೊಟ್ಟಿಲು.

“ಇವು ಇಂಡಿ ಊರಾಗ ಮೊಮ್ಮಗನ್ನ ತೊಟ್ಟಿಲಕ್ಕ ಹಾಕಿದಾಗಿನವು,” ಎಂದ ಅಕ್ಕನ ದನಿ ಸಣ್ಣದಾಯಿತು. “ಫೋಟೋದವ ಒಂದು ಸಿಡಿ ಕೊಡ್ರಿ ಅಂದ, ಇದನ್ನ ಕೊಟ್ಟಿದ್ದೆ. ಪದಾ ಅಳಿಸಿ ಒಗದಾನೇನೋ ತಮ್ಮಾ?”

“ಇದು ಅಳಿಸಾಕ ಬರೋ ಸಿಡಿ ಅಲ್ಲಕ್ಕಾ. ಚಾ ಕುಡಿ.”

ನನಗೆ ಅನುಮಾನವೇ ಇರಲಿಲ್ಲ. ಇಂಥ ಸಿಡಿಯಲ್ಲಿ ಒಮ್ಮೆ ಬರೆದದ್ದು ಬರೆದಂತೆಯೇ ಇರುತ್ತದೆ. ಮತ್ತೆ ಬರೆದರೆ ಅದು ಮುಂದಿನ ಖಾಲಿ ಜಾಗಕ್ಕೆ ಹೋಗುತ್ತದೆ. ಹೀಗೆ ಒಂದೊಂದು ಸಲ ಬರೆದದ್ದು ಒಂದೊಂದು ಸೆಷನ್. ಎರಡನೆಯ ಸಲ ಬರೆಯುವವನು ಹಿಂದಿನ ಸೆಷನ್ನನ್ನು ಕೂಡಿಸಿಕೊಳ್ಳಬೇಕು. ಇಂಡಿ ಊರಿನ ಫೋಟೋದವನು ಅದನ್ನು ಬಿಟ್ಟಿದ್ದ. ಕಂಪ್ಯೂಟರಿಗೆ ಕೊನೆಯದಷ್ಟೇ ಕಾಣುತ್ತಿತ್ತು.

ಮೌಂಟ್ ಬಿಡಿಸಿ, ಈ ಸಲ ಮೊದಲನೆಯ ಸೆಷನ್ನನ್ನೇ ಜೋಡಿಸು ಎಂದು ಆಜ್ಞೆ ಕೊಟ್ಟೆ. ತೊಟ್ಟಿಲು ಹೋಯಿತು, ಪದಗಳ ಸಾಲು ಬಂತು. ಕೇಳುವ ಮೊದಲು ನಕಲು, ಅದು ನನ್ನ ನಿಯಮ. ಮೊದಲ ಪದವೇ ಅರ್ಧಕ್ಕೆ ನಿಂತು ಡ್ರೈವ್ ಕಟಕಟ ಅಂದಿತು. ಅಕ್ಕ ಲೋಟ ಕೆಳಗಿಟ್ಟಳು. ಹೊರತೆಗೆದು ಬೆಳಕಿಗೆ ಹಿಡಿದರೆ ಒಳಸುತ್ತಿನಲ್ಲಿ ಇನ್ನೂ ಒಂದು ಬಿಳಿ ಎಳೆ. ಅದನ್ನು ಒರೆಸಿ, ಡ್ರೈವಿನ ವೇಗ ಇಳಿಸಿ ಮತ್ತೆ ಹಾಕಿದೆ. ಎಲ್ಲ ಪದಗಳೂ ಕಂಪ್ಯೂಟರಿಗೆ ಇಳಿದವು.

ಆಮೇಲೆ ಮೊದಲ ಪದ ಹಚ್ಚಿದೆ. ಮೊದಲು ಬಂದದ್ದು ಪದವಲ್ಲ, ಭಾವನ ಗದರಿಕೆ: “ಏ, ಆ ತಾಟಿನ ಸಪ್ಪಳ ಬಂದ್ ಮಾಡ! ಇಲ್ಲೆ ರಿಕಾರ್ಡ್ ಆಗಾಕತ್ತೈತಿ!” ಹಿಂದೆಯೇ ಅದೇ ರಿಕಾರ್ಡಿನಲ್ಲಿ, ಅಡುಗೆಮನೆಯಿಂದ, ಅಕ್ಕನದೇ ದನಿ: “ಊಟಕ್ಕ ಬರ್ತೀರಲ್ಲಾ, ಆವಾಗ ಸಪ್ಪಳ ಇಲ್ದಂಗ ಬಡಸ್ತೇನಿ!”

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

“ಅದನ್ನ ಕತ್ತರಿಸಿ ಬಿಡ್ರಿ, ಮಂದಿ ಮುಂದ ಯಾಕ?” ಎಂದಳು ಹೆಂಡತಿ.

“ಬ್ಯಾಡವ್ವಾ,” ಎಂದಳು ಅಕ್ಕ. “ಅದಿಲ್ಲದ ಬರೇ ಪದಾ ಹಚ್ಚಿದ್ರ, ಇದು ಅವರದ ಅಂತ ಯಾರು ನಂಬ್ತಾರ?”

ಹೊಸ ಸಿಡಿಗೆ ನಿಧಾನ ವೇಗದಲ್ಲಿ ಬರೆದೆ. ಮುಂದೆ ಯಾರೂ ಅದರಲ್ಲಿ ತೊಟ್ಟಿಲು ತೂರಿಸದಂತೆ ಡಿಸ್ಕನ್ನು ಮುಚ್ಚಿದೆ. ಬರೆದದ್ದನ್ನು ಮೂಲದೊಂದಿಗೆ ತಾಳೆ ನೋಡಿದೆ, ಸರಿ ಇತ್ತು. ಸಂಜೆಯ ಸ್ಪೀಕರಿಗೆಂದು ಪೆನ್‌ಡ್ರೈವಿಗೂ ಹಾಕಿಕೊಂಡೆ. ಡ್ರೈವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸಿ, ಊಟ ಮುಗಿಸಿ, ಮೂವರೂ ಮುದ್ದೇಬಿಹಾಳದ ಬಸ್ಸು ಹತ್ತಿದೆವು.

ಸಂಜೆ ಅಕ್ಕನ ಮನೆಯ ಪಡಸಾಲೆಯಲ್ಲಿ ಭಜನೆಯವರು ಗೋಡೆಗೊರಗಿ ಕೂತಿದ್ದರು. ನಾನು ಗುಂಡಿ ಒತ್ತಿದೆ. ಗದರಿಕೆ ಬಂದದ್ದೇ ತಡ ಪಡಸಾಲೆಯೆಲ್ಲ ನಗೆ. ತಬಲಾದವರು, “ಬಂದ್ರಪಾ ಯಜಮಾನ್ರು, ನೆಟ್ಟಗ ಕುಂದರ್ರಿ” ಎಂದು ತಬಲಾ ಎಳೆದುಕೊಂಡರು. ಪದ ಶುರುವಾಯಿತು. ಎರಡನೆಯ ಸಾಲಿಗೆ ತಾಳ ಕೂಡಿಕೊಂಡಿತು, ಹಿಮ್ಮೇಳದವರು ಎಂದಿನ ಹಾಗೆ ಭಾವನ ದನಿಯ ಹಿಂದೆ ಹೋದರು.

ಮಂದಿಯೆಲ್ಲ ಊಟಕ್ಕೆ ಎದ್ದಾಗ ಅಕ್ಕ ಹೊಸ ಸಿಡಿ ಹಿಡಿದು ಜಗಲಿಯ ಮುಂದೆ ನಿಂತಿದ್ದಳು.

“ಯಾವ ಕಡೆ ಹಚ್ಚಲೋ ಈಗ?”

ಸಿಡಿಯನ್ನು ಅದರ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ ಭಾವನ ಫೋಟೋದ ಪಕ್ಕ ಇಟ್ಟೆ. “ಮುಚ್ಚಳಕ್ಕ ಹಚ್ಚಕ್ಕಾ. ಎಷ್ಟರೆ ಹಚ್ಚು.”

ಅಕ್ಕ ಮೂರು ಬೆರಳು ಎಳೆದಳು. ಆ ದಿನ ಉಳಿದಿದ್ದ ಕೆಲಸ ಅದೊಂದೇ.