ಅಭಾದ ಚಳಿಯಲ್ಲಿ ಭಾವನ ಫಿಲ್ಟರ್

ನನ್ನದು ಮೂಗಿನ ತುದಿಯ ಸಿಟ್ಟು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು, ಅಕ್ಕನಿಗಂತೂ ಚೆನ್ನಾಗಿಯೇ ಗೊತ್ತು. ಎಂಬತ್ತರ ದಶಕದಲ್ಲಿ ನಾನು ಸೌದಿಗೆ ಹೊರಟಾಗ ಅವಳು ಹೇಳಿದ್ದು ಒಂದೇ ಮಾತು: “ಭಾವನ ಎದುರು ಬಾಯಿ ಹಾಕ್ಬೇಡ ಮಾರಾಯ. ಅವರು ಹೇಳಿದ ಹಾಗೆ ಕೇಳು.” ಭಾವ ಎಂದರೆ ಅವಳ ಗಂಡ. ಕಫೀಲನ, ಎಂದರೆ ಕಂಪೆನಿಯ ಅರಬ್ ಧಣಿಯ, ಹತ್ತಿರ ಮಾತಾಡಿ ನನಗೆ ವೀಸಾ ಮಾಡಿಸಿಕೊಟ್ಟವರು. ನೀರಿನ ಸೆಲೆ ಹುಡುಕುವ ಒಂದು ಸರ್ವೇ ಕಂಪೆನಿಯ ಪುಟ್ಟ ವಿಮಾನಕ್ಕೆ ಅವರು ಹಿರಿಯ ಮೆಕ್ಯಾನಿಕ್, ನಾನು ಕಿರಿಯ. ಎಂಜಿನ್ ಕೆಲಸ ನಾನೂ ಕಲಿತೇ ಬಂದವನು. ಆದರೆ ಭಾವನ ಎದುರು ಕಲಿತದ್ದನ್ನು ಹೇಳುವ ಹಾಗಿರಲಿಲ್ಲ.

ಮೊದಲು ನಾವು ಜುಬೈಲಿನಲ್ಲಿದ್ದೆವು. ಅಲ್ಲಿ ಬಿಸಿಲಿಗೆ ಸ್ಪ್ಯಾನರ್ ಮುಟ್ಟಿದರೆ ಕೈ ಸುಡುತ್ತಿತ್ತು. ಆ ಚಳಿಗಾಲ ವಿಮಾನದ ಜೊತೆ ನಮ್ಮನ್ನು ಅಭಾಕ್ಕೆ ಕಳಿಸಿದರು. ಅದು ಬೆಟ್ಟದ ಮೇಲಿನ ಊರು. ಬೆಳಿಗ್ಗೆ ಎದ್ದು ನೋಡಿದರೆ ರೆಕ್ಕೆಯ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಹಿಮ. “ಸೌದಿಯಲ್ಲಿ ಎಂತದ್ದು ಚಳಿ?” ಎಂದು ಒಂದು ಸ್ವೆಟರ್ ಕೂಡ ತರದೆ ಬಂದ ಕರಾವಳಿಯವರು ನಾವು. ಎಂಜಿನ್ನಿಗೂ ಅದೇ ಗತಿ. ಸುಡುಬಿಸಿಲಿಗೆ ಹಾಕುವ ದಪ್ಪ ಎಣ್ಣೆಯನ್ನೇ ಇಲ್ಲಿಗೂ ತಂದಿದ್ದೆವು. ಅಭಾದ ಬೆಳಗಿನಲ್ಲಿ ಅದು ಆರಿದ ಬೆಲ್ಲದ ಪಾಕದಂತೆ ಡಬ್ಬದಿಂದ ಇಳಿಯಲೇ ಒಲ್ಲೆ ಎನ್ನುತ್ತಿತ್ತು.

ಅಂಥ ಎಣ್ಣೆಯಲ್ಲಿ ಎಂಜಿನ್ ಹಾಗೇ ಚಾಲೂ ಮಾಡಿದರೆ ಹಾಳು. ಮೊದಲು ಬೆಚ್ಚಗೆ ಮಾಡಬೇಕು. ಅದಕ್ಕೆ ಭಾವ ಒಂದು ಉಪಾಯ ಹೂಡಿದ್ದರು. ದೂರದಲ್ಲಿ ಸೀಮೆಎಣ್ಣೆ ಸ್ಟವ್, ಅದರ ಬಿಸಿಗಾಳಿಯನ್ನು ಎಂಜಿನ್ನಿನ ಹೊಟ್ಟೆಯ ಕೆಳಗೆ ತರುವ ಉದ್ದದ ತಗಡಿನ ಕೊಳವೆ, ಮೇಲಿನಿಂದ ಹೊದಿಸಲು ಅಭಾದ ಪೇಟೆಯಿಂದ ತಂದ ಹತ್ತಿಯ ರಜಾಯಿ. ಉಪಾಯವೇನೋ ಚೆನ್ನಾಗಿಯೇ ಇತ್ತು. ಆದರೆ ಅವರು ಅದನ್ನು ಊರಿನ ಬಚ್ಚಲಿನ ಹಂಡೆ ಎಂದೇ ತಿಳಿದಿದ್ದರು. ಹಂಡೆಯ ಕೆಳಗೆ ಬೆಂಕಿ ಹಾಕಿ ಮೇಲೆ ಕೈ ಅದ್ದಿ ನೋಡುತ್ತೇವೆ. ಮೇಲೆ ಬಿಸಿಯಾದರೆ ಸ್ನಾನಕ್ಕೆ ಹೊರಡಬಹುದು. ಭಾವನೂ ಎಂಜಿನ್ನಿನ ನೆತ್ತಿ ಮುಟ್ಟಿ “ಕಾದಿದೆ” ಎನ್ನುತ್ತಿದ್ದರು. ಹಿಂಭಾಗದ ಮೂಲೆಯಲ್ಲಿ ನೇತಾಡುವ ಎಣ್ಣೆಯ ಫಿಲ್ಟರಿಗೆ ಆ ಶಾಖ ಮುಟ್ಟುತ್ತಲೇ ಇರಲಿಲ್ಲ. ಅಲ್ಲಿಗೆ ಕೈ ಹಾಕಿ ನೋಡುವ ಅಭ್ಯಾಸವೂ ಅವರಿಗಿರಲಿಲ್ಲ.

ಸಾಲದ್ದಕ್ಕೆ, ಆ ವಾರ ವಿಮಾನದ ಫಿಲ್ಟರುಗಳು ಮುಗಿದುಹೋಗಿದ್ದವು. ಭಾವ ಒಂದು ಕಾರಿನ ಫಿಲ್ಟರನ್ನು ತಂದು ತಿರುಗಿಸಿ ಕೂರಿಸಿದ್ದರು. ಎರಡಕ್ಕೂ ತಿರುಪಿನ ಅಳತೆ ಒಂದೇ, ಅದು ನಿಜ. ಆದರೆ ಕಾರಿನದರ ತಗಡು ತೆಳು. ದಪ್ಪ ಎಣ್ಣೆಯನ್ನು ಪಂಪು ಬಲವಾಗಿ ನೂಕಿದಾಗ ಆ ಒತ್ತಡ ತಡೆಯುವ ಮೈಕಟ್ಟು ಅದಕ್ಕಿಲ್ಲ.

“ಭಾವ, ಇದು ಬೇಡ,” ಎಂದೆ.

“ಜುಬೈಲಲ್ಲಿ ಇದನ್ನೇ ಹಾಕಿ ಓಡಿಸಿದ್ದೇನೆ. ಎಂತ ಆಯ್ತು? ಏನೂ ಆಗ್ಲಿಲ್ಲ.”

“ಅಲ್ಲಿ ಎಣ್ಣೆ ನೀರಿನ ಹಾಗೆ ಇತ್ತು. ಇಲ್ಲಿ...”

“ನೀನು ಚಡ್ಡಿ ಹಾಕಿ ಓಡಾಡ್ತಿದ್ದಾಗ ನಾನು ಸ್ಪ್ಯಾನರ್ ಹಿಡಿದವ. ಸುಮ್ಮನಿರು.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಕ್ಕನ ಮುಖ ನೆನಪಾಗಿ ನಾನು ಹಲ್ಲು ಕಚ್ಚಿಕೊಂಡೆ.

ಅವರ ಅವಸರಕ್ಕೂ ಕಾರಣವಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರ ಮಗಳು ಹುಟ್ಟಿದ್ದು ಅವರು ಸೌದಿಗೆ ಬಂದ ಮೇಲೆ. ಈಗ ಅದು ಮಾತಾಡುತ್ತಿತ್ತು, ಓಡುತ್ತಿತ್ತು, ಅಪ್ಪ ಎಂದರೆ ಗೋಡೆಯ ಮೇಲಿನ ಫೋಟೋ ತೋರಿಸುತ್ತಿತ್ತಂತೆ. ಎಷ್ಟೋ ಸಲ ಮುಂದೆ ಹೋದ ರಜೆ ಕೊನೆಗೂ ಸಿಕ್ಕಿತ್ತು. ಬೊಂಬಾಯಿಯ ವಿಮಾನ ಅದೇ ದಿನ ರಾತ್ರಿ ರಿಯಾದಿನಿಂದ. ಅಭಾದಿಂದ ರಿಯಾದಿಗೆ ದೊಡ್ಡ ವಿಮಾನದಲ್ಲಿ ಜಾಗ ಸಿಕ್ಕಿರಲಿಲ್ಲ. ನಮ್ಮ ಪುಟ್ಟ ವಿಮಾನ ಆ ಬೆಳಿಗ್ಗೆ ಕಫೀಲನ ಇಬ್ಬರು ಅತಿಥಿಗಳನ್ನು ಕರೆದುಕೊಂಡು ರಿಯಾದಿಗೆ ಹೊರಡುವುದಿತ್ತು. ಅತಿಥಿಗಳಿಗೆ ಹಿಂದಿನ ಎರಡು ಸೀಟು, ಮುಂದೆ ಪೈಲಟ್, ಉಳಿದದ್ದು ಅವರ ಪಕ್ಕದ ಒಂದೇ ಸೀಟು.

ಆ ಸೀಟಿಗೊಂದು ಕಟ್ಟಳೆಯಿತ್ತು. ನಮ್ಮ ಪೈಲಟ್ ಕರಾಚಿಯವರು, ಮೀಸೆ ನರೆತ ಹಳೇ ಮನುಷ್ಯ. ಎಂಜಿನ್ನಿಗೆ ಕೊನೆಯದಾಗಿ ಯಾರು ಕೈ ಹಚ್ಚಿದರೋ ಅವರೇ ಪಕ್ಕದಲ್ಲಿ ಕೂತು ಹಾರಬೇಕು. “ಜಿಸ್ಕಾ ಹಾಥ್, ಉಸ್ಕಿ ಸೀಟ್” ಎನ್ನುತ್ತಿದ್ದರು. ತನ್ನ ಜೀವವನ್ನೂ ಪಣಕ್ಕಿಟ್ಟವನ ಕೆಲಸವನ್ನು ಮಾತ್ರ ಅವರು ನಂಬುತ್ತಿದ್ದರು. ಅದಕ್ಕೇ ಭಾವ ಆ ಎಂಜಿನ್ ಮುಟ್ಟಲು ನನ್ನನ್ನು ಬಿಟ್ಟಿರಲಿಲ್ಲ.

ಬೆಳಿಗ್ಗೆ ಸ್ಟವ್ ಬುಸುಗುಡುತ್ತಿತ್ತು. ಅತಿಥಿಗಳು ಕಾರಿನೊಳಗೆ ಕೂತು ಹಾರ್ನ್ ಹಾಕುತ್ತಿದ್ದರು. ಭಾವ ರಜಾಯಿ ಸರಿಸಿ ಎಂಜಿನ್ನಿನ ನೆತ್ತಿ ಮುಟ್ಟಿದರು. “ಆಯ್ತು. ಎಂಜಿನ್ನಿನ ಮುಚ್ಚಳ ಹಾಕು.”

ನಾನು ಮುಚ್ಚಳ ಹಾಕಲಿಲ್ಲ. ಹಿಂದೆ ಕೈ ತೂರಿಸಿ ಫಿಲ್ಟರ್ ಮುಟ್ಟಿದೆ. ಐಸ್ ಮುಟ್ಟಿದ ಹಾಗಾಯಿತು. ನನ್ನ ತಲೆಗೆ ಸಿಟ್ಟೇರಿತು.

“ಭಾವ, ಇದು ಹಂಡೆ ಅಲ್ಲ! ಹಿಂದೆ ಮುಟ್ಟಿ ನೋಡಿ!”

“ಯಲ್ಲಾ ಯಲ್ಲಾ, ಬೇಗ ಬೇಗ ಅಂತಿದ್ದಾರೆ ಅವರು ಅಲ್ಲಿ. ನಂಗೆ ಪಾಠ ಹೇಳ್ಲಿಕ್ಕೆ ಬರ್ಬೇಡ.”

“ಹಾಗಾದ್ರೆ ಒಂದೇ ಒಂದು ಕೆಲಸ ಮಾಡಿ. ಮುಚ್ಚಳ ಹಾಕದೆ ಒಮ್ಮೆ ಸ್ಟಾರ್ಟ್ ಮಾಡಿಸಿ. ನಾನು ನಿಂತು ನೋಡ್ತೇನೆ. ಇಲ್ಲದಿದ್ರೆ ನಾನು ಈ ಚಕ್ರದ ಎದುರಿಂದ ಏಳುವುದಿಲ್ಲ.”

ಹೇಳಿದವನೇ ಚಕ್ರದ ಎದುರು ನೆಲದ ಮೇಲೆ ಕೂತೇಬಿಟ್ಟೆ. ಭಾವನ ಮುಖ ಕೆಂಪಾಯಿತು. ಪೈಲಟ್ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಹೂಂ ಎಂದು ಹತ್ತಿ ಕೂತರು. ಭಾವನೂ ದುರುಗುಟ್ಟುತ್ತ ಪಕ್ಕದ ಸೀಟಿಗೆ ಹತ್ತಿದರು. ನಾನು ಎದ್ದು, ತಿರುಗುವ ಪಂಖಕ್ಕೆ ಸಿಗದಂತೆ ಹಿಂದಕ್ಕೆ ಸರಿದು, ಪಕ್ಕದಿಂದ ಫಿಲ್ಟರ್ ಕಾಣುವ ಹಾಗೆ ನಿಂತೆ.

ಎಂಜಿನ್ ಕೆಮ್ಮಿತು, ಹಿಡಿಯಿತು. ಎರಡು ಉಸಿರು ಎಳೆಯುವಷ್ಟರಲ್ಲಿ ಫಿಲ್ಟರಿನ ತಳ ಉಬ್ಬಿತು. ಅದರ ಅಂಚಿನ ರಬ್ಬರ್ ಬಳೆ ಒಂದು ಕಡೆ ಹೊರಗೆ ಚಾಚಿತು, ಕಪ್ಪು ಎಣ್ಣೆ ಚಿಮ್ಮಿ ನನ್ನ ಅಂಗಿ, ಮುಖ, ಹಿಮದ ನೆಲ ಎಲ್ಲದರ ಮೇಲೂ ಬಿತ್ತು. ನಾನು ಎರಡು ಕೈ ಎತ್ತಿ ಬೊಬ್ಬೆ ಹೊಡೆದೆ. ಪೈಲಟ್ ಎಂಜಿನ್ ಬಂದ್ ಮಾಡಿದರು.

ಮುಚ್ಚಳ ಹಾಕಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಣ್ಣೆ ಪೂರ್ತಿ ಖಾಲಿಯಾಗುವವರೆಗೆ ಮೀಟರಿನ ಮುಳ್ಳು ಒತ್ತಡ ತೋರಿಸುತ್ತಲೇ ಇರುತ್ತದೆ. ಅಷ್ಟರಲ್ಲಿ ಅವರು ಬಂಡೆಬೆಟ್ಟಗಳ ಮೇಲೆ ಇರುತ್ತಿದ್ದರು. ಭಾವ ಕೆಳಗಿಳಿದು ಆ ಉಬ್ಬಿದ ತಗಡನ್ನು ನೋಡಿದರು. ಆಮೇಲೆ ತಗ್ಗಿದ ಸ್ವರದಲ್ಲಿ, “ನನ್ನ ರಜೆ ಹೋಯ್ತು,” ಎಂದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

“ಹೋಗ್ಲಿಲ್ಲ. ಹಳೇ ಜಾಲರಿ ಉಂಟಲ್ಲ?” ಎಂದೆ.

ಆ ಎಂಜಿನ್ ಬಂದಾಗ ಅದರಲ್ಲಿ ಫಿಲ್ಟರ್ ಇರಲಿಲ್ಲ, ತೊಳೆದು ಮತ್ತೆ ಹಾಕುವ ಲೋಹದ ಜಾಲರಿ ಇತ್ತು. ಅದು ಫಿಲ್ಟರಿನಷ್ಟು ನುಣ್ಣಗೆ ಸೋಸುವುದಿಲ್ಲ, ಆದರೆ ಒಡೆಯುವುದೂ ಇಲ್ಲ. ಅದರ ಗಟ್ಟಿ ಗೂಡಿನ ಸಮೇತ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನಾನು ಫಿಲ್ಟರಿನ ಬುಡವನ್ನೇ ಬಿಚ್ಚಿ ತೆಗೆದು, ಜಾಲರಿ ತೊಳೆದು, ಎಣ್ಣೆ ಸೋರದಂತೆ ನಡುವೆ ಹೊಸ ಗ್ಯಾಸ್ಕೆಟ್ ಇಟ್ಟು ಕೂರಿಸತೊಡಗಿದೆ. ಭಾವ ಕ್ಯಾಂಪಿನ ಅಡುಗೆಮನೆಗೆ ಓಡಿ, ಎಣ್ಣೆಯನ್ನು ದೊಡ್ಡ ಪಾತ್ರೆಗೆ ಸುರಿದು ಒಲೆಗಿಟ್ಟರು. ಅಡುಗೆಯವರು ಉಳ್ಳಾಲದ ಬ್ಯಾರಿ. “ಅಲ್ಲಾ ಮಾರಾಯ್ರೇ, ಇನ್ನು ಅದರಲ್ಲಿ ನಾನು ಗಂಜಿ ಬೇಯಿಸುದು ಹೇಗೆ?” ಎಂದು ಬೈಯುತ್ತಲೇ ಪಾತ್ರೆಯ ಒಂದು ಕಿವಿ ಹಿಡಿದುಕೊಂಡು ಬಂದರು. ಈ ಸಲ ಬಿಸಿಗಾಳಿಯ ಕೊಳವೆಯನ್ನು ಹಿಂದಕ್ಕೂ ತಿರುಗಿಸಿದೆ. ಅತಿಥಿಗಳು ಬೈದು ಬೈದು ಸುಸ್ತಾಗಿ ಚಹಾ ಕುಡಿಯಲು ಹೋದರು.

ಇನ್ನು ಉಳಿದದ್ದು ಬೋಲ್ಟುಗಳು ಸಡಿಲವಾಗದಂತೆ ತಂತಿ ಕಟ್ಟುವುದು. ಇಕ್ಕಳ ಎತ್ತಿಕೊಂಡಾಗ ಪೈಲಟ್ ನನ್ನ ಬೆನ್ನ ಹಿಂದೆ ನಿಂತದ್ದು ಕಂಡಿತು. ಆಗಲೇ ಹೊಳೆದದ್ದು: ಕೊನೆಯ ಕೈ ನನ್ನದಾದರೆ ಸೀಟೂ ನನ್ನದು. ಭಾವ ಅಭಾದಲ್ಲೇ ಉಳಿಯಬೇಕು.

ಇಕ್ಕಳವನ್ನು ಭಾವನ ಕಡೆ ಚಾಚಿದೆ. “ಕೊನೆಯ ಗಂಟು ನೀವು ಹಾಕಿ ಭಾವ.”

“ಕೆಲಸ ನಿನ್ನದು ಮಾರಾಯ.”

“ಕಟ್ಟಿ ಅಂದ್ರೆ ಕಟ್ಟಿ!”

ಅವರು ತಂತಿಯನ್ನು ಚೆನ್ನಾಗಿಯೇ ತಿರುಚಿದರು. ಆಮೇಲೆ ನಾನು ಹೇಳದೆಯೇ ಹಿಂದೆ ಕೈ ಹಾಕಿ ಮುಟ್ಟಿ ನೋಡಿದರು. ಪೈಲಟ್ ಎಲ್ಲ ಕಂಡೂ ಕಾಣದವರ ಹಾಗೆ ಮೀಸೆ ತೀಡಿಕೊಂಡು, “ಜಿಸ್ಕಾ ಹಾಥ್, ಉಸ್ಕಿ ಸೀಟ್. ಚಲೋ,” ಎಂದರು. ಮುಚ್ಚಳ ತೆಗೆದೇ ಮತ್ತೆ ಚಾಲೂ ಮಾಡಿ ನೋಡಿದೆವು. ಒಂದು ಹನಿ ಸೋರಲಿಲ್ಲ. ಅತಿಥಿಗಳನ್ನು ಕೂರಿಸಿಕೊಂಡು ವಿಮಾನ ಹೊರಟೇಹೋಯಿತು.

ನಿಜವಾದ ಹೆದರಿಕೆ ಶುರುವಾದದ್ದು ಅದರ ಸದ್ದು ನಿಂತ ಮೇಲೆ. ಗಂಟು ಭಾವನದು, ಆದರೆ ಗ್ಯಾಸ್ಕೆಟ್ ನಾನು ಇಟ್ಟದ್ದು, ಬೋಲ್ಟ್ ನಾನು ಬಿಗಿದದ್ದು. ಒಂದು ಕಡೆ ಹೆಚ್ಚು ಬಿಗಿದೆನೇ? ಗ್ಯಾಸ್ಕೆಟ್ ಮಡಚಿತ್ತೇ? ಏನಾದರೂ ಆದರೆ ಅಕ್ಕನಿಗೆ ಯಾವ ಮುಖ ತೋರಿಸಲಿ? ಕ್ಯಾಂಪಿನ ಆಫೀಸಿನಲ್ಲಿ ಫೋನಿನ ಎದುರು ಕೂತವನು ಊಟಕ್ಕೂ ಏಳಲಿಲ್ಲ. ಬ್ಯಾರಿ ಅಣ್ಣ ತಟ್ಟೆ ತಂದಿಟ್ಟು, “ತಿನ್ನು ಮಾರಾಯ, ಉಪವಾಸ ಕೂತ್ರೆ ವಿಮಾನ ಬೇಗ ಹೋಗ್ತದಾ?” ಎಂದರು. ನಾನು ತಟ್ಟೆಯನ್ನು ಬದಿಗೆ ಸರಿಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನ್ ಬಡಿಯಿತು. ಭಾವನ ಸ್ವರ.

“ಮುಟ್ಟಿದೆವು. ಇಳಿದ ಕೂಡ್ಲೆ ಮುಚ್ಚಳ ತೆಗೆದು ನೋಡಿದೆ. ಎಲ್ಲ ಒಣಗಿಯೇ ಉಂಟು.”

“ಇನ್ನು ಅಲ್ಲಿ ಮಾತಾಡ್ತಾ ನಿಂತು ಬೊಂಬಾಯಿ ವಿಮಾನ ತಪ್ಪಿಸ್ಕೊಳ್ಬೇಡಿ!” ಎಂದು ರೇಗಿದೆ.

ಅವರು ಫೋನ್ ಇಡಲಿಲ್ಲ.

“ಊರಿಗೆ ಹೋದ ಕೂಡ್ಲೆ ನಿನ್ನ ಅಕ್ಕನಿಗೆ ಹೇಳ್ತೇನೆ,” ಎಂದರು. “ನಿನ್ನ ತಮ್ಮ ನನ್ನ ಎದುರು ಬಾಯಿ ಹಾಕಿದ, ಅದಕ್ಕೇ ನಾನು ಮನೆಗೆ ಬಂದೆ ಅಂತ.”