ದಿನಕ್ಕೆ ಹತ್ತು ನಿಮಿಷದ ಪಂಪು

ಮೂವತ್ತೊಂದು ವರ್ಷ ನಾನು ತಾಳವಾಡಿ ಕಡೆಯ ಊರುಗಳಲ್ಲಿ ಹಸುಗಳಿಗೆ ಗರ್ಭ ಕಟ್ಟಿಸುವ ಕೆಲಸ ಮಾಡಿದೆ. ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರಲ್ಲ, ಅವರ ಕೈಕೆಳಗಿನ ನೌಕರ. ಊರವರಿಗೆ ಮಾತ್ರ ನಾನೇ ಡಾಕ್ಟ್ರು. ಹಸು ಬೆದೆಗೆ ಬಂದಿದೆ ಎಂದು ಫೋನ್ ಬಂದರೆ ಬೈಕು ಹತ್ತಿ ಹೋಗುತ್ತಿದ್ದೆ. ಮನೆಯ ಹೆಂಗಸರು ಬಾಲ ಹಿಡಿದು ನಿಂತಿರುವಾಗಲೇ ವೀರ್ಯ, ಗರ್ಭಕೋಶ ಎಂಬ ಮಾತುಗಳನ್ನು ರಾಗಿ, ಜೋಳ ಎನ್ನುವಷ್ಟು ಸಲೀಸಾಗಿ ಆಡುತ್ತಿದ್ದೆ. ಅವರೂ ಸಂಕೋಚವಿಲ್ಲದೆ ಕೇಳುತ್ತಿದ್ದರು. ಆ ಕೆಲಸದಲ್ಲಿ ನಾಚಿಕೆ ಎಂಬುದೇ ಇಲ್ಲ ಎಂದುಕೊಂಡಿದ್ದೆ.

ನಿವೃತ್ತಿಯಾದ ಮರುವರ್ಷ ನನಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಯಿತು. ಬೇಗ ಕಂಡುಬಂದದ್ದು ಪುಣ್ಯ ಎಂದು ಕೋಯಮತ್ತೂರಿನಲ್ಲಿ ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರು. ನಮ್ಮೂರು ಪಣಕಹಳ್ಳಿಯಲ್ಲಿ ಕೇಳಿದವರಿಗೆಲ್ಲ ಹರ್ನಿಯಾ ಎಂದು ಹೇಳಿದೆವು. ಮೂತ್ರದ ಟ್ಯೂಬು ಇದ್ದಷ್ಟು ದಿನವೂ ಹೆಂಡತಿಯೇ ಚೀಲ ಖಾಲಿ ಮಾಡಿದಳು. ನನಗೆ ಮಂಚ ಇಕ್ಕಟ್ಟಾಗಬಾರದೆಂದು ಮಗಳ ಕೋಣೆಗೆ ಹೋಗಿ ಮಲಗತೊಡಗಿದಳು. ಟ್ಯೂಬು ತೆಗೆದ ಮೇಲೂ ಅಲ್ಲೇ ಉಳಿದಳು. ನಾನು ಬಾ ಎನ್ನಲಿಲ್ಲ. ಕರೆದು ಮಾಡುವುದೇನು? ಸೊಂಟದ ಕೆಳಗೆ ಯಾವುದೋ ಒಂದು ಭಾಗ ನನ್ನದಲ್ಲವೆಂಬಂತೆ ಸುಮ್ಮನೆ ಬಿದ್ದಿತ್ತು.

ಎರಡನೇ ಸಲ ತೋರಿಸಲು ಹೋದಾಗ ಡಾಕ್ಟರು ಅದನ್ನೇ ಕೇಳಿದರು. ನನ್ನ ಮಗಳ ವಯಸ್ಸಿನ ಹುಡುಗ. ಗ್ರಂಥಿಗೆ ಅಂಟಿಕೊಂಡಿದ್ದ ನರಗಳನ್ನು ಉಳಿಸಿದ್ದೇವೆ, ಆದರೆ ಅವು ನೊಂದಿವೆ, ಎಚ್ಚರವಾಗಲು ಒಂದು ವರ್ಷವೋ ಎರಡು ವರ್ಷವೋ ಆಗಬಹುದು ಎಂದು ತಮಿಳಿನಲ್ಲಿ ವಿವರಿಸಿದರು. ಅಲ್ಲಿಯವರೆಗೆ ಆ ಭಾಗಕ್ಕೆ ರಕ್ತ ಓಡಾಡುತ್ತಿರಬೇಕು, ಇಲ್ಲದಿದ್ದರೆ ಸೊರಗುತ್ತದೆ. ಅದಕ್ಕಾಗಿ ಮೇಜಿನ ಮೇಲೆ ಒಂದು ಉಪಕರಣ ಇಟ್ಟರು. ಒಂದು ಗೇಣು ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ತುದಿಯಲ್ಲಿ ಕೈಯಿಂದ ಒತ್ತುವ ಪಂಪು. ಕೊಳವೆಯೊಳಗಿನ ಗಾಳಿ ಎಳೆದರೆ ರಕ್ತ ತಾನಾಗಿ ಬಂದು ತುಂಬುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು, ವ್ಯಾಯಾಮ ಅಂದುಕೊಳ್ಳಿ ಅಯ್ಯಾ ಎಂದರು. ನೋವಾದರೆ ನಿಲ್ಲಿಸಬೇಕು, ಜಾಸ್ತಿ ಎಳೆಯಬಾರದು.

"ನಿಮ್ಮ ಮನೆಯವರನ್ನೂ ಒಳಗೆ ಕರೀರಿ. ಅವರಿಗೂ ಹೇಳ್ತೀನಿ" ಎಂದರು.

"ಅವರು ಬಂದಿಲ್ಲ" ಎಂದೆ. ಅವಳು ಹೊರಗಿನ ಬೆಂಚಿನಲ್ಲಿ ನನ್ನ ಚಪ್ಪಲಿಯ ಪಕ್ಕ ಕುಳಿತಿದ್ದಳು.

ಬರುವಾಗ ಘಾಟಿಯ ಮೇಲಿನ ದಿಂಬಂನಲ್ಲಿ ಬಸ್ಸು ನಿಂತಿತು. ಹೆಂಡತಿ ಬಸ್ಸಿನಲ್ಲೇ ಕುಳಿತಳು. ನಾನು ಪಂಪಿದ್ದ ಚೀಲ ಎದೆಗವಚಿಕೊಂಡು ಟೀ ಕುಡಿಯುತ್ತಿದ್ದಾಗ ನಮ್ಮ ಕಡೆಯ ರೈತನೊಬ್ಬ ಗುರುತು ಹಿಡಿದ. "ಏನ್ ಡಾಕ್ಟ್ರೇ, ಕೋಯಮತ್ತೂರಿಂದ ಸ್ವೀಟಾ? ಅಂಗ್ ಇಡ್ಕೊಂಡಿದ್ದೀರಲ್ಲ!"

"ದನದ ಔಸ್ದಿ ಕಣಪ್ಪ" ಎಂದೆ.

ಮಗಳು ಹಾಸನೂರಿನಲ್ಲಿ ಟೀಚರ್. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗುತ್ತಾಳೆ. ಅವಳ ಹಿಂದೆಯೇ ಹೆಂಡತಿ ಹೊಲಕ್ಕೆ ಹೋಗುತ್ತಾಳೆ. ಮನೆ ಖಾಲಿಯಾದ ಮೇಲೆ ಕೋಣೆಯ ಚಿಲಕ ಹಾಕಿ, ಮಂಚದ ಅಂಚಿನಲ್ಲಿ ಕೂತು, ಜೆಲ್ ಸವರಿ ಪಂಪು ಒತ್ತುತ್ತಿದ್ದೆ. ಮೊದಲ ದಿನ ಕೂದಲು ಸಿಕ್ಕಿಕೊಂಡು ಗಾಳಿ ಸೋರಿತು. ಎರಡನೇ ದಿನ ಆತುರಪಟ್ಟು ಎಳೆದಿದ್ದಕ್ಕೆ ಚರ್ಮದ ಮೇಲೆ ಕೆಂಪು ಚುಕ್ಕೆಗಳೆದ್ದವು. ವಾರದ ಮೇಲೆ ಕೈ ಪಳಗಿತು. ಕೊಳವೆಯೊಳಗೆ ನಿಧಾನವಾಗಿ ತುಂಬಿಕೊಳ್ಳುವುದನ್ನು ನೋಡುತ್ತಿದ್ದೆ. ಆಸೆಯಿಲ್ಲ, ಸುಖವಿಲ್ಲ. ಮುಟ್ಟಿದರೆ ತಣ್ಣಗೆ. ಗಾಳಿ ಬಿಟ್ಟ ಕೂಡಲೇ ಮತ್ತೆ ಇಳಿದುಹೋಗುತ್ತಿತ್ತು. ಕಿಟಕಿಯಾಚೆ ಯಾರೋ ಕೋಳಿ ಕರೆಯುತ್ತಿದ್ದರು. ಅಷ್ಟು ಒಂಟಿಯಾಗಿ ನಾನು ಆಸ್ಪತ್ರೆಯಲ್ಲೂ ಇರಲಿಲ್ಲ.

ಒಂದು ದಿನ ಕೊಳವೆ ತೊಳೆದು ಬಚ್ಚಲ ಕಿಟಕಿಯಲ್ಲಿ ಒಣಗಲು ಇಟ್ಟವನು ಎತ್ತಿಡಲು ಮರೆತೆ. ಹೆಂಡತಿ ಅದನ್ನು ಹಿಡಿದುಕೊಂಡು ಅಂಗಳಕ್ಕೆ ಬಂದಳು.

"ಇದೇನಿದು? ದನಕ್ ಆಕದಾ?"

"ಊಂ. ಹಳೇದು" ಎಂದೆ.

ಅವಳು ಅದನ್ನು ತಿರುಗಿಸಿ ನೋಡಿದಳು. ಅದರ ಹೊಸ ಹೊಳಪು ಕಣ್ಣಿಗೆ ಬೀಳದೆ ಇರುವಂಥದ್ದಲ್ಲ. ನನ್ನ ಕೈಗೆ ಕೊಟ್ಟು ಹೋದಳು.

ತಿಂಗಳ ಮೇಲೆ ಪಕ್ಕದ ಬೀದಿಯ ಹೆಂಗಸೊಬ್ಬಳು ಬಂದಳು. ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ಹಸುವಿಗೆ ಗರ್ಭ ನಿಲ್ಲಲಿಲ್ಲವಂತೆ, ಮಾರಿಬಿಡಲೇ ಎಂದು ಕೇಳಿದಳು. ನಾನು ಜಗುಲಿಯಲ್ಲಿ ಕೂತು ಅರ್ಧ ಗಂಟೆ ವಿವರಿಸಿದೆ. ಅವಸರ ಪಡಬೇಡ, ಒಳಗೆ ಏನೋ ನೊಂದಿರುತ್ತೆ, ವಾಸಿಯಾಗಲು ಕಾಲ ಬೇಕು, ಅದರ ಮೇಲೆ ಕೋಪ ಮಾಡ್ಕೋಬೇಡ ಎಂದೆಲ್ಲ ಹೇಳಿದೆ. ಅವಳು ಸಮಾಧಾನವಾಗಿ ಹೋದಳು. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು:

"ಊರ್ ದನಕ್ಕೆಲ್ಲ ಬಾಯ್ತುಂಬ ಏಳ್ತೀರಿ. ಮನೇಲಿ ಚಿಲ್ಕ ಆಕತೀರಿ."

ಅವತ್ತಿನ ಆ ಕೊಳವೆ ದನದ್ದಲ್ಲ ಎಂದೆ. ಎಲ್ಲ ಹೇಳಿದೆ. ನರದ ವಿಷಯ, ಹತ್ತು ನಿಮಿಷದ ವಿಷಯ, ಡಾಕ್ಟರ ಮುಂದೆ ಹೇಳಿದ ಸುಳ್ಳು. ಹೇಳುತ್ತ ಹೇಳುತ್ತ ಅವಳು ಅಳಬಹುದು, ಇಲ್ಲವೇ ನಗಬಹುದು ಎಂದುಕೊಂಡೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಂಗ್ ಗೊತ್ತಿತ್ತು, ಅದೇನು ಅಂತ ಅಲ್ಲ, ನಿಮಗೇನೋ ಆಗದೆ ಅಂತ" ಎಂದಳು. ಇನ್ನೊಂದು ಕಾಯಿ ಬಿಡಿಸಿ, "ನನ್ ಗರ್ಭಕೋಸ ತಗುದ್ರಲ್ಲ, ಅವತ್ತು ನೀವೊಂದ್ ಮಾತು ಕೇಳ್ನಿಲ್ಲ" ಎಂದಳು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಸತ್ಯಮಂಗಲದಲ್ಲಿ ಅವಳ ಆಪರೇಷನ್ ಆಗಿತ್ತು. ನಾನು ಎರಡು ದಿನವಿದ್ದು ದನಗಳ ಕ್ಯಾಂಪು ಇದೆ ಎಂದು ಘಾಟಿ ಹತ್ತಿ ಊರಿಗೆ ಬಂದುಬಿಟ್ಟಿದ್ದೆ. ಅವಳನ್ನು ಕರೆತಂದದ್ದು ಅವಳ ಅಣ್ಣ. ಮನೆಗೆ ಬಂದ ಮೇಲೆ ನೋವಿದೆಯೇ ಎಂದು ಕೇಳಿದ ನೆನಪಿದೆ. ಅದಕ್ಕಿಂತ ಹೆಚ್ಚಿಗೆ ಕೇಳಿದ್ದು ನೆನಪಿಲ್ಲ. ಹಸುವಿನ ಗರ್ಭಕೋಶವನ್ನು ಕತ್ತಲಲ್ಲೂ ಕೈಯಿಂದ ಗುರುತಿಸಬಲ್ಲವನಿಗೆ ಹೆಂಡತಿಯ ಒಳಗಿಂದ ಅದು ಹೋದಾಗ ಏನನ್ನಿಸಿತೆಂದು ಕೇಳಬೇಕೆಂದು ಹೊಳೆದಿರಲಿಲ್ಲ.

"ಆವಾಗ ನಿಂಗೆ ಎಂಗಿತ್ತು?" ಎಂದು ಕೇಳಿದೆ.

"ಈಗ್ ಕೇಳುದ್ರೆ ಎಂಗ್ ಏಳಾದು? ಇನ್ನೊಂದಿನ ಏಳ್ತೀನಿ, ಬುಡಿ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ಇನ್ನೊಂದು ದಿನ ಇನ್ನೂ ಬಂದಿಲ್ಲ. ನಾನು ಮತ್ತೆ ಕೇಳಿಲ್ಲ, ಕೇಳುವ ಹಕ್ಕಿನ ಅವಧಿ ಮುಗಿದಿದೆಯೇನೋ ಎಂಬ ಅಳುಕು. ಕಳೆದ ಸಲ ತೋರಿಸಲು ಹೋದಾಗ ಅವಳೂ ಡಾಕ್ಟರ ಕೋಣೆಯೊಳಗೆ ಬಂದಳು. ಅವರು ಹೇಳಿದ್ದನ್ನೆಲ್ಲ ಕೇಳಿ, "ಎಷ್ಟ್ ದಿನ ಆಗ್ಬೋದು?" ಎಂದು ಒಂದೇ ಪ್ರಶ್ನೆ ಕೇಳಿದಳು. ಹೇಳಲಾಗದು, ಬಿಡದೆ ಮಾಡಿ ಎಂದರು.

ನನ್ನ ಆಪರೇಷನ್ ಆಗಿ ಈಗ ವರ್ಷ ದಾಟಿದೆ. ಕೆಲವು ಬೆಳಗುಗಳಲ್ಲಿ ಪಂಪಿಲ್ಲದೆಯೇ ಸ್ವಲ್ಪ ಮಿಸುಕಾಡಿದ ಹಾಗಾಗುತ್ತದೆ, ಪೂರ್ತಿಯಲ್ಲ. ಅವಳು ಮಗಳ ಕೋಣೆಯಲ್ಲೇ ಮಲಗುತ್ತಾಳೆ. ನಾನು ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ. ಒಮ್ಮೊಮ್ಮೆ ಹೊಲಕ್ಕೆ ಹೊರಟವಳು ಕೋಣೆಯ ಬಾಗಿಲ ಹೊರಗೆ ಒಂದು ಗಳಿಗೆ ನಿಲ್ಲುವುದು ಕೇಳಿಸುತ್ತದೆ. ನಾನು ಕೂಗುವುದಿಲ್ಲ. ಅವಳು ಒಳಗೆ ಬರುವುದಿಲ್ಲ. ಆಮೇಲೆ ಅವಳ ಚಪ್ಪಲಿಯ ಸದ್ದು ಅಂಗಳ ದಾಟುತ್ತದೆ.