ಗಂಜಾಂ ಭಿಸ್ತಿಯ ಎಡ ಹೆಗಲು

ಪಾಂಡವಪುರದ ಹಿಂಬೀದಿಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಮುಖ್ತಾರ್ ಅಹಮದ್ ನೀರು ತುಂಬಿದ ಕ್ಯಾನ್ವಾಸ್ ಚೀಲವನ್ನು ತೊಲೆಗೆ ನೇತುಹಾಕಿ, ಕೆಳಗೆ ಹಳೇ ಪತ್ರಿಕೆ ಹಾಸಿ ಕೂತಿದ್ದಾರೆ. ಒಂದೇ ಒಂದು ಹನಿ ಬಿದ್ದರೂ ಹೊಲಿಗೆ ಬಿಚ್ಚಬೇಕು. "ಚಾ ಆರೋಯ್ತು. ಚೀಲ ಏನು ಎದ್ದು ಓಡೋಯ್ತದಾ?" ಎಂದು ಹೆಂಡತಿ ಬೀಬಿಜಾನ್ ಗದರುತ್ತಾರೆ.

ಮೇಲುಕೋಟೆ ಬೆಟ್ಟದ ಕುರುಚಲು ಕಾಡಿಗೆ ಬೆಂಕಿ ಬಿದ್ದರೆ ಕಾವಲುಗಾರರು ಹಸಿಸೊಪ್ಪಿನಿಂದ ಬಡಿದು ಆರಿಸುತ್ತಾರೆ. ಬುಡದಲ್ಲಿ ಉಳಿದ ಕೆಂಡಕ್ಕೆ ಮಾತ್ರ ನೀರೇ ಬೇಕು. ಬಂಡೆಗಳ ನಡುವೆ ಗಾಡಿ ಹತ್ತುವುದಿಲ್ಲ, ಕಾವಲುಗಾರರ ಹೆಗಲೇರಿ ಮುಖ್ತಾರರ ಚೀಲ ಹತ್ತುತ್ತದೆ. ಹದಿನೈದು ಲೀಟರಿನ ಒಂದು ಚೀಲಕ್ಕೆ ಎರಡು ದಿನದ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ನಾನೂರಕ್ಕೂ ಮೇಲೆ ಹೊಲಿದಿದ್ದಾರೆ.

ಅವರ ತಂದೆ ಗಂಜಾಂನಲ್ಲಿ ಭಿಸ್ತಿ. ತೊಗಲಿನ ಚೀಲದಲ್ಲಿ ಕಾವೇರಿ ನೀರು ಹೊತ್ತು ಮನೆಮನೆಗೆ ಹಾಕುತ್ತಿದ್ದವರು. "ಅಬ್ಬಾ ಬಂದ್ರೆ ಬೀದಿ ಧೂಳು ಕುಂತ್ಕತಿತ್ತು. ಒದ್ದೆ ಮಣ್ಣಿನ ವಾಸ್ನೆ ಬಂದ್ರೆ ಈಗ್ಲೂ ತಿರುಗಿ ನೋಡ್ತೀನಿ, ಅವ್ರೇ ಬಂದ್ರೇನೋ ಅಂತ." ಬೀದಿಗೆ ನಲ್ಲಿ ಬಂತು, ಅಬ್ಬಾನ ಕೆಲಸ ಹೋಯಿತು. ಲಾರಿ ಟಾರ್ಪಾಲು ಹೊಲಿಯುತ್ತಿದ್ದ ಮಗನ ಕೈಯಲ್ಲಿ ಆ ಚೀಲದ ಅಳತೆ ಉಳಿಯಿತು.

ಕಳೆದ ಬೇಸಿಗೆ ಕಾಳ್ಗಿಚ್ಚು ತರಬೇತಿಗೆಂದು ಬ್ರೆಜಿಲ್, ಪೋರ್ಚುಗಲ್, ನೇಪಾಳದಿಂದ ಹನ್ನೊಂದು ಜನ ಬೆಟ್ಟಕ್ಕೆ ಬಂದರು. ಒಬ್ಬರದು ಹುಲ್ಲುಗಾವಲು, ಒಬ್ಬರದು ನೀಲಗಿರಿ ತೋಪು, ಒಬ್ಬರದು ಪೈನ್ ಕಾಡು. ಚೀಲ ಎಲ್ಲರಿಗೂ ಹಿಡಿಸಿತು. ಅಲ್ಲಿನ ಪರೀಕ್ಷೆಯಲ್ಲೂ ಗೆದ್ದರೆ ಚೀಲದ ನಕ್ಷೆ ಮೂರೂ ದೇಶಕ್ಕೆ ಹೋಗುವುದೆಂದು ಮಾತಾಯಿತು. ಅಷ್ಟರಲ್ಲಿ ಬ್ರೆಜಿಲ್‌ನ ಹೆಣ್ಣುಮಗಳು ಕೇಳಿದಳು: ಹೆಗಲ ಪಟ್ಟಿ, ನೀರು ಬಿಡುವ ಬಾಯಿ ಎಲ್ಲ ಎಡಕ್ಕೇ ಏಕೆ?

ಮುಖ್ತಾರರು ಪೆಚ್ಚಾದರು. ಹೊಳೆ ಮೆಟ್ಟಿಲಲ್ಲಿ ಜಾರಿ ಅಬ್ಬಾನ ಬಲ ಹೆಗಲು ಮುರಿದಿತ್ತು, ಆಮೇಲೆ ಅವರು ಹೊತ್ತದ್ದೆಲ್ಲ ಎಡ ಹೆಗಲಲ್ಲೇ. ಅವರ ಅಳತೆಗೇ ನಾನೂರು ಚೀಲವೂ! "ಅಯ್ಯೋ ಅಲ್ಲಾ, ಊರೋರ್ಗೆಲ್ಲ ನಮ್ಮಪ್ಪನ ಹೆಗಲೇ ತಗಲಾಕ್ಬುಟ್ನಲ್ಲಾ ಅನ್ನಿಸ್ತು. ಬದ್ಲಾಯಿಸ್ತೀನಿ ಅಂತ ಒಪ್ಕೊಂಡೆ. ನಕ್ಸೆ ಮೇಲೆ ಕತ್ರಿ ಇಟ್ರೆ ಕೈಯೇ ಬರ್ಲಿಲ್ಲ. ಅಬ್ಬಾನ್ನೇ ಕುಯ್ದಂಗಾಯ್ತು." ಕೊನೆಗೆ ಬದಲಾಯಿಸದ ಮೂರು ಹಳೇ ಚೀಲಗಳೇ ಪರೀಕ್ಷೆಗೆಂದು ದೇಶ ದಾಟಿದವು. ಇವರು ತಿಂಗಳುಗಟ್ಟಲೆ ಸಂಕಟಪಟ್ಟರು.

ಹೋದ ವಾರ ಕಾವಲುಗಾರ ನಂಜಪ್ಪ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. "ಸಾಬ್ರೇ, ಮೂರೂ ಕಡೆಯಿಂದ ಕಾಗ್ದ ಬಂದದೆ. ಬಾಯಿ ಎಡಕ್ಕೇ ಇರ್ಲಂತೆ! ಬಲಗೈ ಸೊಪ್ಪು ಬಡಿಯಕ್ಕೆ ಬೇಕಲ್ಲ. ಇಷ್ಟು ವರ್ಸ ನಾವೇನು ಸುಮ್ಸುಮ್ನೆ ಹೊತ್ಕೊಂಡಿದ್ವಾ?"

ಮುಖ್ತಾರರು ಪತ್ರಿಕೆ ಸವರಿ ನೋಡುತ್ತಾರೆ. ಒಂದು ಹನಿಯೂ ಬಿದ್ದಿಲ್ಲ. ನಕ್ಷೆಯಲ್ಲಿ ಹೆಸರು ಹಾಕಿಸಬೇಡವೇ ಎಂದರೆ ನಗುತ್ತಾರೆ.

"ನಂದ್ಯಾಕೆ? ಗಂಜಾಂ ಭಿಸ್ತಿ ಅಳತೆ ಅಂತ ಬರ್ದ್ರೆ ಸಾಕು. ಹೊಳೆ ಸೇತ್ವೆ ದಾಟಿದ್ದೇ ಅಪ್ರೂಪ ಅಬ್ಬಾ. ಈಗ ನೋಡಿ, ಅವ್ರ ಹೆಗಲು ಎಲ್ಲೆಲ್ಲಿ ನೀರು ಹೊರ್ತಾ ಅದೆ!"